ಜಿರೋನಾದ ಮಣ್ಣುದಾರಿಗಳಿಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ನಂದಿ ಬೆಟ್ಟ ಹತ್ತಿ ಪಳಗಿದ, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ರಾತ್ರಿಯಿಡೀ ಪೆಡಲ್ ತುಳಿದ ಕನ್ನಡದ ಸೈಕಲ್ ಗೆಳೆಯ ಗೆಳತಿಯರಿಗೆ,



ಗ್ರ್ಯಾವೆಲ್ ಸೈಕಲ್ ಕಟ್ಟಿಕೊಂಡು ಸ್ಪೇನ್ ದೇಶದ ಈಶಾನ್ಯ ಮೂಲೆಯ ಜಿರೋನಾಕ್ಕೆ ಬರಬೇಕೆಂಬ ಆಸೆ ನಿಮ್ಮಲ್ಲಿ ಬಹಳ ಮಂದಿಗೆ ಇದೆ ಎಂದು ಬಲ್ಲೆ. ಯಾವ ದಾರಿ ಹಿಡಿಯಬೇಕು, ಯಾವ ಟೈರ್ ಹಾಕಬೇಕು, ಒಂದು ದಿನಕ್ಕೆ ಎಷ್ಟು ದೂರ ಸಾಧ್ಯ ಎಂದು ಕೇಳುತ್ತಿರುತ್ತೀರಿ. ಇಲ್ಲಿ ನೆಲೆಸಿ ಈ ದಾರಿಗಳಲ್ಲಿ ತಿರುಗಾಡುವ ನಾನು ಅದೆಲ್ಲಕ್ಕೂ ಉತ್ತರ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ವಿಷಯ ನಿಮ್ಮ ಮನಸ್ಸಿನಲ್ಲಿ ಕೂರಬೇಕು. ಇಲ್ಲಿನ ಒಂದೊಂದು ಮಣ್ಣುದಾರಿಯೂ ಯಾರದೋ ದುಡಿಮೆಯಿಂದ ಆದದ್ದು, ಯಾರದೋ ದುಡಿಮೆಯಿಂದ ಉಳಿದಿರುವುದು. ಕಾರ್ಕ್ ಸುಲಿಯುವವರು, ಇದ್ದಿಲು ಸುಟ್ಟವರು, ಗದ್ದೆಗೆ ನೀರು ಬಿಡುವವರು, ಕಾಡಿನ ಬೆಂಕಿ ಆರಿಸುವವರು ಓಡಾಡುವ ದಾರಿಗಳಿವು. ನಮ್ಮ ಓಡಾಟ ಅವರಿಗೆ ಹೊರೆ ಅನ್ನಿಸಿದ ದಿನ ದಾರಿಗೆ ಅಡ್ಡವಾಗಿ ಸರಪಳಿ ಬೀಳುತ್ತದೆ. ಒಮ್ಮೆ ಬಿದ್ದ ಸರಪಳಿಯನ್ನು ತೆಗೆಸುವುದು ಬಹಳ ಕಷ್ಟ.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಕಾಡು ಎಂದರೆ ಅರಣ್ಯ ಇಲಾಖೆ, ಗೇಟು, ಗಾರ್ಡು. ಜಿರೋನಾ ಇರುವ ಕತಲೂನ್ಯಾ ಪ್ರಾಂತ್ಯದಲ್ಲಿ ಹಾಗಿಲ್ಲ, ಕಾಡಿನ ಬಹುಪಾಲು ಖಾಸಗಿಯವರದು. ನೀವು ಜಿರೋನಾದ ಪಕ್ಕದ ಗವಾರೆಸ್ ಗುಡ್ಡಗಳ ಒಳಗೆ ಹೋಗುವಾಗ ಕಾವಲುಗಾರ ಕಾಣುವುದಿಲ್ಲ, ಟಿಕೆಟ್ ಕೌಂಟರ್ ಇಲ್ಲ, ಯಾರೂ ತಡೆಯುವುದಿಲ್ಲ. ಅದನ್ನು ನೋಡಿ ಇದೆಲ್ಲ ಸರ್ಕಾರದ ಜಾಗವಿರಬೇಕು ಎಂದುಕೊಳ್ಳಬೇಡಿ. ಬಲಗಡೆಯ ಮರಗಳು ಒಂದು ಮನೆತನದವು, ಎಡಗಡೆಯವು ಇನ್ನೊಂದು ಮನೆತನದವು. ನಡುವೆ ಹಾದುಹೋಗಲು ಬಿಟ್ಟಿದ್ದಾರೆ, ಅಷ್ಟೆ.

ಜಿರೋನಾದಿಂದ ಸಮುದ್ರಕ್ಕೆ ಹಕ್ಕಿ ಹಾರಿದ ಲೆಕ್ಕದಲ್ಲಿ ಸುಮಾರು 30 ಕಿ.ಮೀ. ಈ ಸಣ್ಣ ಅಂತರದಲ್ಲೇ ಮೂರು ಬಗೆಯ ನೆಲವಿದೆ: ಓಕ್ ಮರಗಳ ಗುಡ್ಡ, ಎಂಪೊರ್ದಾ ಎಂಬ ಬಯಲು, ಆಮೇಲೆ ಕೋಸ್ತಾ ಬ್ರಾವಾದ ಕಡಿದಾದ ಕರಾವಳಿ. ವೃತ್ತಿಪರ ಸೈಕಲ್ ಸವಾರರು 1990ರ ದಶಕದ ಕೊನೆಯಿಂದಲೇ ಇಲ್ಲಿ ಮನೆ ಮಾಡತೊಡಗಿದರು. ಅವರು ಬಂದದ್ದು ಡಾಂಬರು ರಸ್ತೆಯ ಏರುಗಳಿಗಾಗಿ. ಜಲ್ಲಿ ಮತ್ತು ಮಣ್ಣಿನ ದಾರಿಗಳಿಗೆ ಹೆಸರು ಬಂದದ್ದು ಈಚೆಗೆ. 2019ರಲ್ಲಿ ಶುರುವಾದ ತ್ರಾಕಾ ಎಂಬ ಓಟ ಈಗ ಯುರೋಪಿನ ದೊಡ್ಡ ಗ್ರ್ಯಾವೆಲ್ ಸ್ಪರ್ಧೆಗಳಲ್ಲೊಂದು.

ಮೊದಲ ದಿನಕ್ಕೆ ನಾನು ಸೂಚಿಸುವುದು ಹಳೆಯ ರೈಲುದಾರಿ. ಜಿರೋನಾದಿಂದ ಸಾಂತ್ ಫೆಲಿಯು ದೆ ಗೀಶೋಲ್ಸ್ ಬಂದರಿಗೆ 1892ರಲ್ಲಿ ಪುಟ್ಟ ರೈಲೊಂದು ಓಡತೊಡಗಿತು. ಹಳಿಗಳ ನಡುವಿನ ಅಗಲ ಬರೀ 75 ಸೆಂ.ಮೀ. ಒಳನಾಡಿನ ಊರುಗಳಲ್ಲಿ ತಯಾರಾಗುತ್ತಿದ್ದ ಬಾಟಲಿಯ ಬಿರಡೆಗಳನ್ನು, ಕಾರ್ಕ್ ಹಲಗೆಗಳನ್ನು ಹಡಗಿಗೆ ಮುಟ್ಟಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಲಾರಿ, ಬಸ್ಸುಗಳ ಎದುರು ನಿಲ್ಲಲಾಗದೆ 1969ರಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತ ಜಾಗವನ್ನು ವರ್ಷಗಳ ನಂತರ ನಡೆಯುವವರಿಗೂ ಸೈಕಲ್ಲಿನವರಿಗೂ ಹದಗೊಳಿಸಿದರು. ಈಗ ಅದು 40 ಕಿ.ಮೀ.ಗೆ ತುಸು ಕಡಿಮೆಯ ಹಸಿರು ದಾರಿ. ರೈಲು ಹತ್ತುತ್ತಿದ್ದ ದಾರಿಯಾದ್ದರಿಂದ ಎಲ್ಲೂ ಎದೆ ಹಿಂಡುವ ಏರಿಲ್ಲ. ಕ್ವಾರ್ತ್, ಕಸ್ಸಾ ದೆ ಲಾ ಸೆಲ್ವಾ, ಲ್ಯಾಗೊಸ್ತೇರಾ ಊರುಗಳನ್ನು ದಾಟಿ ಆರೋ ಕಣಿವೆಗೆ ಇಳಿದರೆ ಗಾಳಿಯಲ್ಲಿ ಉಪ್ಪಿನ ವಾಸನೆ ಸಿಗುತ್ತದೆ.

ಈ ದಾರಿ ಸಲೀಸು ಎಂಬ ಕಾರಣಕ್ಕೇ ಕೆಲವರು ಇದನ್ನು ಓಟದ ಪಟ್ಟಿಯಂತೆ ಬಳಸುತ್ತಾರೆ, ತಲೆ ತಗ್ಗಿಸಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ನುಗ್ಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಸ್ಸಾದ ಅಜ್ಜ ಅಜ್ಜಿಯರು ಸಂಜೆ ಕೈಹಿಡಿದು ನಡೆಯುವುದು ಇದೇ ದಾರಿಯಲ್ಲಿ. ಶಾಲೆ ಬಿಟ್ಟ ಮಕ್ಕಳು ಇಲ್ಲೇ ಸೈಕಲ್ ಕಲಿಯುತ್ತಾರೆ. ಗಂಟೆ ಕಟ್ಟಿಕೊಂಡು ಬನ್ನಿ. ದೂರದಿಂದಲೇ ಒಮ್ಮೆ ಬಾರಿಸಿ, ನಿಧಾನಿಸಿ, "ಬೋನ್ ದಿಯಾ" (ಶುಭದಿನ) ಎಂದು ಹೇಳಿ ದಾಟಿ. ಆ ಎರಡು ಪದಕ್ಕೆ ಇಲ್ಲಿ ಎಂಥ ಬೆಲೆಯಿದೆ ಎಂಬುದು ಅದನ್ನು ಹೇಳದೆ ಹೋದವರ ಬೆನ್ನಿಗೆ ಬೀಳುವ ಮಾತು ಕೇಳಿದವರಿಗೆ ಗೊತ್ತು.

ಇನ್ನು ಗವಾರೆಸ್ ಗುಡ್ಡಗಳು. ಇಲ್ಲಿ ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುತ್ತೇನೆ.

ಎತ್ತರ ಹೆಚ್ಚಿಲ್ಲ, ಅತಿ ಎತ್ತರದ ಜಾಗವೂ 500 ಮೀಟರನ್ನು ತುಸುವೇ ದಾಟುತ್ತದೆ. ಆದರೆ ದಾರಿಗಳು ಗುಡ್ಡದ ಮಡಿಕೆ ಮಡಿಕೆಗೂ ನುಗ್ಗಿ ಹೊರಬರುವುದರಿಂದ ಕಾಲಿಗೆ ಬಿಡುವೇ ಇರುವುದಿಲ್ಲ. ಇಲ್ಲಿನ ಗ್ರಾನೈಟ್ ಕಲ್ಲು ಶಿಥಿಲವಾಗಿ ಉದುರಿ ಹೊಂಬಣ್ಣದ ದಪ್ಪ ಮರಳಾಗುತ್ತದೆ. ಅದನ್ನು ಸೌಲೊ ಎನ್ನುತ್ತಾರೆ. ಒತ್ತಾಗಿ ಕೂತ ಸೌಲೊ ಮೇಲೆ ಸೈಕಲ್ ಸದ್ದಿಲ್ಲದೆ ಓಡುತ್ತದೆ. ಬಿಸಿಲಿಗೆ ಸಡಿಲಾದ ತಿರುವಿನಲ್ಲಿ ಮಾತ್ರ ನೆಲದ ಮೇಲೆ ಚೆಲ್ಲಿದ ರಾಗಿಯ ಮೇಲೆ ಕಾಲಿಟ್ಟಂತೆ ಮುಂದಿನ ಚಕ್ರ ಜಾರಿಬಿಡುತ್ತದೆ. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ಬ್ರೇಕ್ ಒತ್ತಿ ಮುಗಿಸಿರಬೇಕು.

ದಾರಿಯ ಎರಡೂ ಬದಿಯಲ್ಲಿ ಕಾರ್ಕ್ ಓಕ್ ಮರಗಳು, ಇವುಗಳ ತೊಗಟೆಯೇ ಕಾರ್ಕ್. ಕೆಲವು ಮರಗಳ ಬುಡ ಆಳೆತ್ತರಕ್ಕೂ ಮೀರಿ ಕೆಂಪಗೆ, ಬಟ್ಟೆ ಬಿಚ್ಚಿದ ಮೈಯಂತೆ ಕಾಣುತ್ತದೆ. ಆ ವರ್ಷ ಸುಲಿದ ಮರ ಅದು. ವರ್ಷಗಳು ಕಳೆದಂತೆ ಆ ಕೆಂಪು ಕಂದಾಗಿ, ಬೂದಾಗಿ ಹೊಸ ತೊಗಟೆ ಕಟ್ಟುತ್ತದೆ. ಸುಲಿಗೆ ನಡೆಯುವುದು ಬೇಸಿಗೆಯಲ್ಲಿ, ಮರದೊಳಗೆ ರಸ ಏರಿದಾಗ ಮಾತ್ರ. ಜೂನ್, ಜುಲೈ ತಿಂಗಳ ಮುಂಜಾನೆ ನೀವು ಈ ಕಡೆ ಬಂದರೆ ಇಬ್ಬರು ಒಂದು ಮರದ ಎದುರುಬದುರು ನಿಂತು ಕೆಲಸ ಮಾಡುವುದನ್ನು ನೋಡಬಹುದು. ಕೊಡಲಿಯಿಂದ ಕಾಂಡದ ಸುತ್ತ ಒಂದು ಅಡ್ಡಗೀರು, ಅದರಿಂದ ಕೆಳಗೆ ಬುಡದವರೆಗೆ ಒಂದು ಉದ್ದಗೀರು. ಏಟಿನ ಆಳ ತೊಗಟೆಗೆ ಸರಿಯಾಗಿರಬೇಕು. ಒಳಗಿನ ಜೀವಂತ ಪದರಕ್ಕೆ ಅಲಗು ತಾಗಿದರೆ ಅಲ್ಲಿ ಮರಕ್ಕೆ ಮಾಯದ ಗಾಯ. ಗೀರಿನೊಳಗೆ ಕೊಡಲಿಯನ್ನು ಮೆಲ್ಲನೆ ತಿರುಚುತ್ತಾರೆ. ಆಮೇಲೆ ಅದನ್ನು ತಿರುಗಿಸಿ ಹಿಡಿದು, ಬೆಣೆಯಂತೆ ಕೆತ್ತಿದ ಕಾವಿನ ತುದಿಯನ್ನು ಸಂದಿಗೆ ತೂರಿಸಿ ಮೀಟುತ್ತಾರೆ. ಇಡೀ ಹಲಗೆ ಚರಚರ ಸದ್ದಿನೊಂದಿಗೆ ಬಿಟ್ಟುಬರುತ್ತದೆ. ಒಳಮೈ ತೇವವಾಗಿ, ಹಳದಿ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ.

ಒಮ್ಮೆ ಸುಲಿದ ಮರವನ್ನು ಮತ್ತೆ ಮುಟ್ಟುವುದು ಇಲ್ಲಿ 12ರಿಂದ 14 ವರ್ಷಗಳ ನಂತರ. ಮೊದಲ ಸುಲಿಗೆಗೇ ಮರಕ್ಕೆ ಸುಮಾರು 30 ವರ್ಷ ಆಗಿರಬೇಕು. ಅದರಲ್ಲಿ ಬರುವ ಒರಟು ತೊಗಟೆ ಬಿರಡೆಗೆ ಬಾರದು. ಸಸಿ ಕಾಯ್ದವನ ಕೈಗೆ ಒಳ್ಳೆಯ ಬಿರಡೆಯ ಹಣ ಬರುವುದಿಲ್ಲ, ಅದು ಮಕ್ಕಳ ಕಾಲಕ್ಕೆ. ಇಷ್ಟು ನಿಧಾನದ ಬೆಳೆ ಪ್ಲಾಸ್ಟಿಕ್ ಬಿರಡೆ, ತಿರುಗುಮುಚ್ಚಳಗಳ ಎದುರು ನಿಂತಿದೆ. ಪಾಲಾಫ್ರುಜೆಲ್ ಊರಿನಲ್ಲಿ ಕಾರ್ಕ್ ಸಂಗ್ರಹಾಲಯವಿದೆ. ಒಂದು ಮಧ್ಯಾಹ್ನ ಸೈಕಲ್ ನಿಲ್ಲಿಸಿ ನೋಡಿ ಬನ್ನಿ. ಅದಾದ ಮೇಲೆ ಗುಡ್ಡ ಹತ್ತಿದರೆ ಅದೇ ಮರಗಳು ಬೇರೆ ಥರ ಕಾಣುತ್ತವೆ.

ದಾರಿಯ ಪಕ್ಕ ಪೇರಿಸಿಟ್ಟ ಕಾರ್ಕ್ ಹಲಗೆಗಳ ರಾಶಿ ಸಿಕ್ಕರೆ ಅದರ ಮೇಲೆ ಕೂರಬೇಡಿ, ಒಂದು ತುಂಡನ್ನೂ ನೆನಪಿಗೆಂದು ಎತ್ತಿಕೊಳ್ಳಬೇಡಿ. ಎದುರಿಗೆ ಹಲಗೆ ಹೇರಿದ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕಿಳಿದು ನಿಲ್ಲಿ. ಅವರು ನಿಮಗಾಗಿ ನಿಲ್ಲಿಸಿದರೆ ಆ ಏರಿನಲ್ಲಿ ಮತ್ತೆ ಹೊರಡುವುದು ಕಷ್ಟ.

ಕಾಡು ಹಳೆಯದು, ದಟ್ಟವಾಗಿದೆ ಎಂದು ನೋಡಿದವರು ಖುಷಿಪಡುತ್ತಾರೆ. ಈ ದಟ್ಟಣೆಯೇ ಇಲ್ಲಿನವರಿಗೆ ಭಯ. 60, 70 ವರ್ಷಗಳ ಹಿಂದೆ ಇಲ್ಲಿ ಸೌದೆಗೆ, ಇದ್ದಿಲಿಗೆ ಕಡಿಯುತ್ತಿದ್ದರು, ಆಡು ಕುರಿ ಮೇಯುತ್ತಿದ್ದವು. ಅಡುಗೆಮನೆಗೆ ಗ್ಯಾಸ್ ಸಿಲಿಂಡರ್ ಬಂತು, ಇದ್ದಿಲಿಗೆ ಗಿರಾಕಿ ಇಲ್ಲದಾಯಿತು. ಗುಡ್ಡದ ತೋಟದ ಮನೆಗಳನ್ನು ಬಿಟ್ಟು ಜನ ಕರಾವಳಿಯ ಹೋಟೆಲುಗಳ ಕೆಲಸಕ್ಕೆ ಇಳಿದರು. ಖಾಲಿಯಾದ ಜಾಗವನ್ನು ಪೊದೆ ತುಂಬಿತು. ಬೇಸಿಗೆಯಲ್ಲಿ ಆ ಪೊದೆ ಒಣಗಿ ನಿಂತಾಗ, ತ್ರಾಮುಂತಾನಾ ಎಂಬ ಉತ್ತರದ ಒಣಗಾಳಿ ಬೀಸುವಾಗ ಒಂದು ಕಿಡಿ ಸಾಕು. 2012ರ ಜುಲೈನಲ್ಲಿ ಇದೇ ಎಂಪೊರ್ದಾದ ಉತ್ತರ ಭಾಗದ ಲಾ ಜೊಂಕೆರಾದಲ್ಲಿ ಹತ್ತಿದ ಬೆಂಕಿ 10,000 ಹೆಕ್ಟೇರಿಗೂ ಹೆಚ್ಚು ನೆಲವನ್ನು ಸುಟ್ಟಿತು, ಜೀವಗಳನ್ನೂ ಬಲಿ ತೆಗೆದುಕೊಂಡಿತು. ಕಾರ್ಕ್ ಮರಕ್ಕೆ ಅದರ ತೊಗಟೆಯೇ ಬೆಂಕಿಯಿಂದ ರಕ್ಷಣೆ. ಆಗಷ್ಟೇ ಸುಲಿದ ಮರಕ್ಕೆ ಆ ಕವಚವೂ ಇರುವುದಿಲ್ಲ.

ನೀವು ಇಷ್ಟಪಟ್ಟು ತುಳಿಯುವ ಅಗಲವಾದ ಮಣ್ಣುದಾರಿಗಳಲ್ಲಿ ಹಲವನ್ನು ಬುಲ್ಡೋಜರ್ ಹಾಕಿ ಸವರಿ ಇಟ್ಟಿರುವುದು ಅಗ್ನಿಶಾಮಕ ವಾಹನ ಒಳಗೆ ಹೋಗಲೆಂದು. ಅಲ್ಲಲ್ಲಿ ನೀರಿನ ತೊಟ್ಟಿಗಳೂ ಇವೆ. ಅಪಾಯದ ದಿನಗಳಲ್ಲಿ ಸರ್ಕಾರ ಕೆಲವು ಗುಡ್ಡಗಳ ಪ್ರವೇಶವನ್ನೇ ನಿಲ್ಲಿಸುತ್ತದೆ. ರಜೆ ಹಾಕಿ, ವೀಸಾ ಮಾಡಿಸಿ, ಅಷ್ಟು ದೂರದಿಂದ ಬಂದಿದ್ದೇವೆ, ಒಂದು ಸಲ ಒಳಗೆ ಹೋಗಿಬರೋಣ ಎನ್ನಬೇಡಿ. ಅಂಥ ದಿನ ಕಾಡಿನೊಳಗೆ ಇರುವ ಒಬ್ಬೊಬ್ಬ ಸವಾರನೂ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಹುಡುಕಬೇಕಾದ ಒಂದು ಜೀವ. ನನ್ನ ಸಲಹೆ ಕೇಳಿದರೆ ಜುಲೈ, ಆಗಸ್ಟ್ ಬಿಟ್ಟುಬಿಡಿ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಚೆನ್ನ. ಏಪ್ರಿಲ್ ಕೊನೆ, ಮೇ ಆರಂಭದ ಆ ಕೆಲವು ದಿನ ಮಾತ್ರ ತ್ರಾಕಾದ ಜನಜಂಗುಳಿ ಇರುತ್ತದೆ.

ಶರತ್ಕಾಲವೂ ಸೊಗಸೇ. ಆದರೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಕಾಡುಹಂದಿ ಬೇಟೆಯ ಕಾಲ. ಶನಿವಾರ, ಭಾನುವಾರ ದಾರಿಯ ಬಾಯಲ್ಲಿ ಬೇಟೆ ನಡೆಯುತ್ತಿದೆ ಎಂಬ ಫಲಕ ನಿಲ್ಲಿಸಿರುತ್ತಾರೆ. ಫಲಕ ಕಂಡರೆ ವಾದ ಬೇಡ, ಸೈಕಲ್ ತಿರುಗಿಸಿ. ಹಂದಿಗಳು ಹೊಲಗಳನ್ನು ಉತ್ತು ಹಾಕುವಷ್ಟು ಹೆಚ್ಚಿವೆ. ಮಲೆನಾಡಿನಲ್ಲಿ ಗದ್ದೆ ಕಾಯ್ದವರಿಗೆ ಅದನ್ನು ವಿವರಿಸಬೇಕಿಲ್ಲ. ವಾರದ ನಡುವಿನ ದಿನಗಳನ್ನು ಗುಡ್ಡಕ್ಕೆ ಇಟ್ಟುಕೊಂಡು ವಾರಾಂತ್ಯವನ್ನು ಬಯಲಿಗೆ ಇಟ್ಟುಕೊಂಡರೆ ತೊಂದರೆಯಿಲ್ಲ.

ಬಯಲಿನ ದಾರಿಗಳ ಬಗ್ಗೆ ಬೇಗ ಹೇಳುತ್ತೇನೆ, ಅವು ತಾವಾಗಿಯೇ ಒಲಿಯುವಂಥವು. ಮೊನೆಲ್ಸ್, ಕ್ರುಯಿಲ್ಯೆಸ್, ಬಂಡೆಯನ್ನೇ ಕಡಿದು ಕಂದಕ ಮಾಡಿಕೊಂಡ ಪೆರಾತಲ್ಯಾದಾ, ಹೀಗೆ ಒಂದು ಕಲ್ಲೂರಿನಿಂದ ಇನ್ನೊಂದಕ್ಕೆ ಗೋಧಿ ಹೊಲಗಳ ನಡುವೆ ಹೋಗುತ್ತೀರಿ. ಉಲ್ಯಾಸ್ತ್ರೆತ್ ಬಳಿ ರೋಮನ್ನರಿಗಿಂತ ಮುಂಚಿನ ಇಬೇರಿಯನ್ ಜನರ ಕೋಟೆಯೂರಿನ ಅವಶೇಷಗಳಿವೆ. ಅದರ ಪಕ್ಕದಲ್ಲಿದ್ದ ಕೆರೆಯನ್ನು 19ನೇ ಶತಮಾನದಲ್ಲಿ ಬಸಿದು ಹೊಲ ಮಾಡಿದರು. ಮಳೆ ಬಂದ ಮರುದಿನ ಆ ಹೊಲಗಳ ದಾರಿಗೆ ಇಳಿದರೆ ಜೇಡಿಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಗಾರೆಯಂತೆ ತುಂಬಿ ಚಕ್ರವೇ ತಿರುಗದು. ಪಾಲ್ಸ್ ಕಡೆಗೆ ಹೋದರೆ ಭತ್ತದ ಗದ್ದೆ. ಹೌದು, ಮೆಡಿಟರೇನಿಯನ್ ದಡದಲ್ಲಿ ಭತ್ತ! ಬೇಸಿಗೆಯ ಮೊದಲಲ್ಲಿ ನೀರು ಕಟ್ಟಿ ನಿಲ್ಲಿಸಿದ ಗದ್ದೆಗಳ ಬದುವಿನ ಮೇಲೆ ಬಕಗಳ ನಡುವೆ ಸೈಕಲ್ ತಳ್ಳಿಕೊಂಡು ನಡೆದರೆ ಗಂಗಾವತಿಯ ಕಡೆಯವರಿಗೆ ಮನೆಯ ನೆನಪಾಗದಿರದು. ಕಾಲುವೆಯ ತೂಬಿನ ಹಲಗೆಗಳನ್ನು ಮುಟ್ಟಬೇಡಿ, ಬದುವಿನ ಮೇಲೆ ಹಸಿಯಿದ್ದಾಗ ಚಕ್ರ ಓಡಿಸಬೇಡಿ. ಮಣ್ಣು ಕಿತ್ತುಬಂದರೆ ನೀರು ಸೋರುವುದು ಎಲ್ಲಿಯ ಗದ್ದೆಯಲ್ಲೂ ಒಂದೇ.

ತೊರ್ರೊಎಲ್ಯಾ ಊರಿನ ಹಿಂದೆ ಮೊಂಟ್‌ಗ್ರೀ ಸುಣ್ಣಕಲ್ಲಿನ ಗುಡ್ಡ, ತುದಿಯಲ್ಲಿ 1300ರ ಆಸುಪಾಸಿನಲ್ಲಿ ಕಟ್ಟುತ್ತ ಕಟ್ಟುತ್ತ ನಿಲ್ಲಿಸಿದ ಕೋಟೆ. ಇಲ್ಲಿನ ಕಲ್ಲು ಸೌಲೊ ಥರ ಸಾಧುವಲ್ಲ, ಚೂಪು ಅಂಚಿನದು. ಟೈರಿನ ಪಕ್ಕ ಸೀಳುವುದು ಇಲ್ಲೇ. ಈ ಗುಡ್ಡದ ಉತ್ತರಕ್ಕೆ ನನಗೆ ಬಹಳ ಪ್ರೀತಿಯ ಒಂದು ದಾರಿಯಿದೆ, ಪೈನ್ ಮರಗಳ ನಡುವೆ ಮರಳಿನಲ್ಲಿ ಹೋಗುವಂಥದ್ದು. ಸಮುದ್ರ ಕಣ್ಣಿಗೆ ಕಾಣದಿದ್ದರೂ ಕಾಲ ಕೆಳಗೆ ಕಡಲತೀರದ ಮರಳು. ತ್ರಾಮುಂತಾನಾ ಗಾಳಿ ಉತ್ತರದ ಕೊಲ್ಲಿಯ ದಡದಿಂದ ಅದನ್ನು ತೂರಿಕೊಂಡು ಬಂದು ಗುಡ್ಡ ಹತ್ತಿಸಿ, ಆಚೆಗಿನ ಹೊಲಗಳತ್ತ ಚೆಲ್ಲುತ್ತಿತ್ತು. 19ನೇ ಶತಮಾನದ ಕೊನೆಗೆ ಅರಣ್ಯ ಎಂಜಿನಿಯರುಗಳು ಮೊದಲು ಹುಲ್ಲು, ಆಮೇಲೆ ಪೈನ್ ಸಸಿ ನೆಡಿಸಿ ಆ ಮರಳಿನ ನಡಿಗೆಯನ್ನು ನಿಲ್ಲಿಸಿದರು. ದಾರಿ ಬಿಟ್ಟು ಮರಗಳ ನಡುವೆ ಸುತ್ತು ಹಾಕುವ ಚಕ್ರ ಮರಳನ್ನು ಹಿಡಿದಿಟ್ಟ ಬೇರುಗಳನ್ನು ಸಡಿಲಿಸುತ್ತದೆ. ಮರಳಲ್ಲಿ ಸೈಕಲ್ ಹೂತಾಗ ಇಳಿದು ತಳ್ಳಿ. ಅದಕ್ಕೆ ನಾಚಿಕೆ ಬೇಕಿಲ್ಲ.

ಅಲ್ಲಿಂದ ಲೆಸ್ಕಾಲಾ ಮೀನುಗಾರರ ಊರು, ಪಕ್ಕದಲ್ಲೇ ಎಂಪೂರಿಯೆಸ್. ಕ್ರಿ.ಪೂ. 6ನೇ ಶತಮಾನದಲ್ಲಿ ಗ್ರೀಕರು ಬಂದು ನೆಲೆಸಿದ, ಕ್ರಿ.ಪೂ. 218ರಲ್ಲಿ ರೋಮನ್ ಸೈನ್ಯ ಬಂದಿಳಿದ ಜಾಗ. ಇನ್ನೂ ಉತ್ತರಕ್ಕೆ ಐಗ್ವಮೊಲ್ಸ್ ಎಂಬ ಜೌಗುಭೂಮಿ. 1970ರ ದಶಕದಲ್ಲಿ ಅಲ್ಲಿ ದೊಡ್ಡ ವಸತಿ ಬಡಾವಣೆ ಏಳುವುದಿತ್ತು. ಪಕ್ಷಿಪ್ರಿಯರು, ಊರಿನ ಯುವಕರು ಹೋರಾಡಿ ತಡೆದರು, 1983ರಲ್ಲಿ ಅದು ಸಂರಕ್ಷಿತ ಉದ್ಯಾನವಾಯಿತು. ಅಲ್ಲಿ ಸೈಕಲ್ಲಿಗೆ ಬಿಟ್ಟ ದಾರಿ ಬೇರೆ, ನಡೆಯುವವರ ದಾರಿ ಬೇರೆ. ಫಲಕ ನೋಡಿ ಹೋಗಿ. ಕರಾವಳಿಯ ಬಂಡೆಗಳ ಅಂಚಿನಲ್ಲಿ ಸಾಗುವ, ಹಿಂದೆ ಕಳ್ಳಸಾಗಣೆ ತಡೆಯಲು ಕಾವಲುಗಾರರು ನಡೆಯುತ್ತಿದ್ದ ಕಾಲುದಾರಿಗೂ ಸೈಕಲ್ ಒಯ್ಯಬೇಡಿ. ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ ನಿಜ, ಆದರೆ ಅದು ಎರಡು ಜನ ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ನಿಮ್ಮ ಫೋನಿನಲ್ಲಿರುವ ದಾರಿಯ ಗೆರೆಯನ್ನು ಪೂರ್ತಿ ನಂಬಬೇಡಿ. ಒಬ್ಬ ಯಾರದೋ ಅಂಗಳದ ಮೂಲಕ ತಪ್ಪಿ ಹಾದುಹೋಗುತ್ತಾನೆ. ಅವನ ಗೆರೆ ಆ್ಯಪ್‌ನಲ್ಲಿ ಉಳಿಯುತ್ತದೆ. ಮರುವಾರ ಹತ್ತು ಜನ, ಮರುತಿಂಗಳು ನೂರು ಜನ ಅದೇ ಅಂಗಳಕ್ಕೆ ಬರುತ್ತಾರೆ. ಆ ಮನೆಯ ನಾಯಿ ಬೊಗಳುವುದು ನಿಲ್ಲುವುದೇ ಇಲ್ಲ, ಕುರಿಗಳು ಬೆದರುತ್ತವೆ, ಕೊನೆಗೆ ಮನೆಯವರು ಕಬ್ಬಿಣದ ಸರಪಳಿ ತರುತ್ತಾರೆ. ಸರಪಳಿ ಬಿದ್ದದ್ದು ಅಂಗಳಕ್ಕಷ್ಟೇ ಆದರೆ ಸರಿ. ಬೇಸತ್ತವರು ಊರವರು ತಲೆತಲಾಂತರದಿಂದ ನಡೆದ ಪಕ್ಕದ ದಾರಿಗೂ ಹಾಕುತ್ತಾರೆ. ಸರಪಳಿ ಕಂಡಲ್ಲಿ, "ಖಾಸಗಿ ದಾರಿ" ಎಂದು ಬರೆದಲ್ಲಿ ಹಿಂತಿರುಗಿ, ಆ ಭಾಗವನ್ನು ನಿಮ್ಮ ಗೆರೆಯಿಂದ ಅಳಿಸಿ, ಆಮೇಲೆ ಹಂಚಿಕೊಳ್ಳಿ. ಮುಚ್ಚಿದ್ದ ದನದ ಗೇಟು ತೆಗೆದರೆ ದಾಟಿ ಮತ್ತೆ ಮುಚ್ಚಿ.

ಸೈಕಲ್ ಸವಾರರು ಮಣ್ಣುದಾರಿಗೆ ಬರೀ ಹೊರೆಯಾಗಬೇಕಿಲ್ಲ. ಇಟಲಿಯ ಟಸ್ಕನಿಯಲ್ಲಿ ಬಿಳಿ ಜಲ್ಲಿ ರಸ್ತೆಗಳಿಗೆ ಒಂದೊಂದಾಗಿ ಡಾಂಬರು ಬೀಳುತ್ತಿದ್ದಾಗ, ಜಾನ್‌ಕಾರ್ಲೊ ಬ್ರೊಕ್ಕಿ ಎಂಬವರು 1997ರಲ್ಲಿ ಹಳೆಯ ಸೈಕಲ್ಲುಗಳ ಎರೋಯಿಕಾ ಸವಾರಿ ಶುರುಮಾಡಿದರು. ಆ ರಸ್ತೆಗಳು ಉಳಿಯಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಇಂದು ಅಲ್ಲಿನ ಊರುಗಳಿಗೇ ಬಿಳಿ ರಸ್ತೆ ಬೇಕು, ಏಕೆಂದರೆ ಅದರಿಂದ ಅಂಗಡಿ, ಹೋಟೆಲು ನಡೆಯುತ್ತದೆ. ಜಿರೋನಾದ ಸುತ್ತಲೂ ಹಾಗೇ ಆಗಬೇಕಾದರೆ ನಮ್ಮ ದುಡ್ಡು ಹಳ್ಳಿಗೆ ತಲುಪಬೇಕು. ಜಿರೋನಾ ನಗರದಲ್ಲಿ ಮನೆ ಬಾಡಿಗೆ ಏರಿ, ಹುಟ್ಟಿ ಬೆಳೆದವರೇ ಊರಾಚೆ ಹೋಗಬೇಕಾಗಿದೆ ಎಂಬ ಸಿಟ್ಟು ಇದೆ. ಸೈಕಲ್ ಬಟ್ಟೆ ತೊಟ್ಟವರ ಮೇಲೂ ಆ ಸಿಟ್ಟು ತಿರುಗುತ್ತದೆ. ಆದ್ದರಿಂದ ನಗರದಲ್ಲಿ ಪ್ರವಾಸಿಗರಿಗೆಂದು ಮಾಡಿದ ಫ್ಲ್ಯಾಟುಗಳ ಬದಲು ಕಸ್ಸಾದಲ್ಲೋ ಲಾ ಬಿಸ್ಬಾಲ್‌ನಲ್ಲೋ ತೊರ್ರೊಎಲ್ಯಾದಲ್ಲೋ ಊರವರು ನಡೆಸುವ ತಂಗುಮನೆ ಹುಡುಕಿ. ಲಾ ಬಿಸ್ಬಾಲ್ ಕುಂಬಾರರ ಊರು, ಶುಕ್ರವಾರ ಸಂತೆ.

ತಿಂಡಿಗೆ ಹಳ್ಳಿಯ ಬಾರ್‌ಗೆ ಹೋಗಿ. ಇಲ್ಲಿ ಬಾರ್ ಎಂದರೆ ಮುಂಜಾನೆ ಕಾಫಿಗೂ ಸೇರುವ ಜಾಗ. ಸಸ್ಯಾಹಾರಿಗಳು ಹೆದರಬೇಕಿಲ್ಲ: ಟೊಮೆಟೊ ಉಜ್ಜಿ ಎಣ್ಣೆ ಉಪ್ಪು ಹಾಕಿದ ಬ್ರೆಡ್, ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದ ಬದನೆ ಮತ್ತು ದಪ್ಪಮೆಣಸಿನಕಾಯಿ, ಬಿಳಿ ಹುರುಳಿಕಾಯಿ ಬೀಜದ ಪಲ್ಯ ಸಿಗುತ್ತದೆ. ನೀರಿನ ಬಾಟಲಿ ತುಂಬಿಸಿಕೊಳ್ಳುವ ಮೊದಲು ಏನಾದರೂ ಕೊಂಡು, ಕೇಳಿ ತುಂಬಿಸಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಬರದ ತುರ್ತುಸ್ಥಿತಿ ಘೋಷಿಸಬೇಕಾಗಿ ಬಂದ ಸೀಮೆ ಇದು. ಸೈಕಲ್ಲನ್ನು ಪೈಪ್ ಹಿಡಿದು ತೊಳೆಯಬೇಡಿ, ಒದ್ದೆ ಬಟ್ಟೆ ಸಾಕು.

ಸಾಮಾನಿನ ಬಗ್ಗೆ ಎರಡೇ ಮಾತು. ಟೈರ್ 40ರಿಂದ 45 ಮಿ.ಮೀ. ಅಗಲದ್ದು, ಟ್ಯೂಬ್‌ಲೆಸ್ ಆದರೆ ಒಳ್ಳೆಯದು. ರಸ್ತೆ ಸೈಕಲ್ಲಿನ ಅಭ್ಯಾಸದಲ್ಲಿ ಗಾಳಿ ಬಿಗಿಯಾಗಿ ತುಂಬಬೇಡಿ. 70 ಕಿಲೋ ತೂಗುವವರಿಗೆ 30, 35 ಪಿಎಸ್‌ಐ ಸಾಕಾಗುತ್ತದೆ. ಊರಾಚೆಯ ರಸ್ತೆಯಲ್ಲಿ ಇಲ್ಲಿ ಹೆಲ್ಮೆಟ್ ಕಡ್ಡಾಯ. ಕಾರಿನವರು ನಿಮ್ಮನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ. ಬಹಳ ಮಂದಿ ಬಿಡುತ್ತಾರೆ, ಕೈಯೆತ್ತಿ ವಂದಿಸಿ.

ವಾಪಸಾತಿಯ ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳಿ. ಸಾಂತ್ ಫೆಲಿಯುವಿಗೆ ಈಗ ರೈಲಿಲ್ಲ, ಬಂದ ದಾರಿಯಲ್ಲೇ ತುಳಿದು ಹಿಂತಿರುಗಬೇಕು, ಇಲ್ಲವೇ ಅಲ್ಲೇ ತಂಗಬೇಕು. ಬಯಲಿನ ಕಡೆ ಹೋದವರಿಗೆ ಫ್ಲಾಸಾ ನಿಲ್ದಾಣವಿದೆ. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಒಯ್ಯಬಹುದು, ಜಿರೋನಾ ಅಲ್ಲಿಂದ ಹತ್ತಿರ. ತ್ರಾಮುಂತಾನಾ ಬೀಸುವ ದಿನ ಬೆಳಿಗ್ಗೆ ಉತ್ತರಕ್ಕೆ ರೈಲಿನಲ್ಲಿ ಹೋಗಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ ತುಳಿಯುತ್ತ ಬನ್ನಿ.

ನೀವು ಯಾವ ತಿಂಗಳು ಬರುತ್ತೀರಿ ಎಂದು ಗೊತ್ತಾದ ಕೂಡಲೇ ತಿಳಿಸಿ. ಸುಲಿಗೆಯ ಕಾಲವಾದರೆ ಒಂದು ಬಗೆಯ ದಾರಿ, ಬೇಟೆಯ ಕಾಲವಾದರೆ ಇನ್ನೊಂದು ಬಗೆಯ ದಾರಿ ಹಾಕಿಕೊಡುತ್ತೇನೆ.

ಇಂತಿ ನಿಮ್ಮ,
ಜಿರೋನಾದ ಕನ್ನಡಿಗ ಸವಾರ